ದೂರದ ಬೆಟ್ಟ, ಎರವಲು ಕನ್ನಡಕ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದರು ನಮ್ಮ ಹಿರಿಯರು. ಹತ್ತಿರ ಹೋದರೆ ಕಲ್ಲುಮುಳ್ಳು ಕಂಡೀತೆಂಬುದು ಆ ಮಾತಿನ ಒಳ ಅಭಿಪ್ರಾಯ. ಆದರೆ ಪ್ರವಾಸ ಲೇಖಕರ ಸಾಮರ್ಥ್ಯವನ್ನು ಹಿರಿಯರು ಊಹಿಸಿರಲಾರರು. ಈ ಮಹನೀಯರು ಬೆಟ್ಟದ ಬುಡಕ್ಕೆ ಹೋಗಿ, ನೆತ್ತಿಯನ್ನೂ ಹತ್ತಿ, ಕಾಲಿಗೆ ಬೊಕ್ಕೆ ಎಬ್ಬಿಸಿಕೊಂಡು ಹಿಂದಿರುಗುತ್ತಾರೆ. ಮನೆಗೆ ಬಂದು ಕುರ್ಚಿಯಲ್ಲಿ ಕುಳಿತು ಲೇಖನಿ ಹಿಡಿದರೋ ಇಲ್ಲವೋ, ಬೆಟ್ಟ ಮತ್ತೆ ನುಣ್ಣಗಾಗಿಬಿಡುತ್ತದೆ!

ಲಡಾಖ್, ಟಿಬೆಟ್ಟು, ಕೈಲಾಸ, ಮಾನಸ ಸರೋವರ ಎಂದು ಹಿಮಾಲಯದಾಚೆಯ ನಾಡನ್ನು ಕುರಿತು ಕನ್ನಡದಲ್ಲಿ ಈಗ ಬರೆಹಗಳಿಗೆ ಬರವಿಲ್ಲ. ಇದು ಸಂತೋಷದ ವಿಷಯವೇ. ಆದರೆ ಇವುಗಳಲ್ಲಿ ನಾಲ್ಕೈದನ್ನು ಒಟ್ಟಿಗೆ ಓದಿ ನೋಡಿ. ಹೆಸರುಗಳನ್ನು ನಾನು ಹೇಳುವುದಿಲ್ಲ, ಏಕೆಂದರೆ ನನ್ನ ಜಗಳ ಒಬ್ಬರ ಮೇಲಲ್ಲ, ಒಂದು ಅಭ್ಯಾಸದ ಮೇಲೆ. ಎಲ್ಲ ಪುಸ್ತಕಗಳಲ್ಲಿಯೂ ನಾಲ್ಕು ಮಾತುಗಳು ತಪ್ಪದೆ ಬರುತ್ತವೆ. ನಾಡು ನಿಗೂಢ. ಜನ ಮುಗ್ಧರು. ಎಲ್ಲೆಲ್ಲಿಯೂ ಮೌನ. ಕಾಲ ಅಲ್ಲಿ ನಿಂತುಬಿಟ್ಟಿದೆ. ಪುಸ್ತಕದ ರಟ್ಟು ಬೇರೆ, ಲೇಖಕರ ಭಾವಚಿತ್ರ ಬೇರೆ. ಈ ನಾಲ್ಕು ಮಾತು ಮಾತ್ರ ಮದುವೆ ಮನೆಯ ಬಾಡಿಗೆ ಪಾತ್ರೆಗಳಂತೆ ಈ ಮನೆಯಿಂದ ಆ ಮನೆಗೆ ಹೋಗುತ್ತಲೇ ಇವೆ.

ಈ ಮಾತುಗಳನ್ನು ಸ್ವಲ್ಪ ಒರೆಗೆ ಹಚ್ಚೋಣ. ನಾಡು ನಿಗೂಢ ಎಂದರೆ ಏನು? ಅಲ್ಲಿ ಹುಟ್ಟಿದವನಿಗೆ ಅದು ನಿಗೂಢವಲ್ಲ. ಯಾವ ಹೊಲಕ್ಕೆ ಯಾವ ಕಾಲುವೆಯ ನೀರು, ಯಾವ ಸಾಹುಕಾರನ ಬಡ್ಡಿ ಎಷ್ಟು, ಯಾವ ಮಠದ ಯಾವ ಭಿಕ್ಷು ಜಿಪುಣ ಎಂಬುದೆಲ್ಲ ಅವನಿಗೆ ಚೆನ್ನಾಗಿ ಗೊತ್ತು. ನಿಗೂಢವಾಗಿರುವುದು ಬಂದವನಿಗೆ. ಜನ ಮೌನಿಗಳು ಎಂದರೇನು? ಅವರು ಆಡುವ ಮಾತು ಇವರಿಗೆ ತಿಳಿಯುವುದಿಲ್ಲ. ಮುಗ್ಧರು ಎಂದರೆ, ಇವರ ಪ್ರಶ್ನೆಗೆ ಉತ್ತರ ಕೊಡಲು ಭಾಷೆಯಿಲ್ಲದೆ ಅವರು ನಕ್ಕರು. ಕಾಲ ನಿಂತಿದೆ ಎಂದರೆ, ಆ ನಾಡಿನ ಚರಿತ್ರೆಯನ್ನು ಇವರು ಓದಲಿಲ್ಲ. ಹೀಗೆ, ನಾಡಿನ ವರ್ಣನೆಯೆಂದು ನಾವು ಓದುವ ಈ ನಾಲ್ಕು ಮಾತುಗಳೂ ವಾಸ್ತವವಾಗಿ ಲೇಖಕರ ಅಜ್ಞಾನದ ತಪ್ಪೊಪ್ಪಿಗೆಗಳು. ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳದೆ ಎದುರಿನವನ ಗುಣವೆಂದು ಬರೆದಿರುವುದೇ ಇಲ್ಲಿಯ ಕೈಚಳಕ.

ಈ ಮಾತುಗಳು ನಮ್ಮವಲ್ಲ. ಎಲ್ಲಿಂದ ಬಂದವೆಂಬುದನ್ನು ನೋಡಬೇಕು.

1904ರಲ್ಲಿ ಫ್ರಾನ್ಸಿಸ್ ಯಂಗ್‌ಹಸ್ಬೆಂಡ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಬ್ರಿಟಿಷ್ ಭಾರತದ ಸೇನೆ ಟಿಬೆಟ್ಟಿನೊಳಕ್ಕೆ ನುಗ್ಗಿತು. ಮಾರ್ಚ್ 31ರಂದು ಗುರು ಎಂಬ ಹಳ್ಳಿಯ ಸಮೀಪದಲ್ಲಿ, ಬತ್ತಿಯ ಕೋವಿಗಳನ್ನೂ ಕತ್ತಿಗಳನ್ನೂ ಹಿಡಿದು ನಿಂತಿದ್ದ ಟಿಬೆಟ್ಟಿಗರ ಮೇಲೆ ಮ್ಯಾಕ್ಸಿಂ ತುಪಾಕಿಗಳು ಹಾರಿದವು. ಕೆಲವೇ ನಿಮಿಷಗಳಲ್ಲಿ ಸುಮಾರು 600 ಜನ ಸತ್ತರು. ಆಗಸ್ಟ್ ತಿಂಗಳಲ್ಲಿ ಸೇನೆ ಲ್ಹಾಸಾ ಪಟ್ಟಣವನ್ನು ಸೇರಿತು. ಅದರ ಜೊತೆಯಲ್ಲಿ ಹೋದವರು ಮರುವರ್ಷವೇ, ಎಂದರೆ 1905ರಲ್ಲಿ, ಪುಸ್ತಕಗಳನ್ನು ಪ್ರಕಟಿಸಿದರು. ಲಂಡನ್ ಪತ್ರಿಕೆಯೊಂದರ ಬಾತ್ಮೀದಾರನಾಗಿದ್ದ ಎಡ್ಮಂಡ್ ಕ್ಯಾಂಡ್ಲರ್ ತನ್ನ ಪುಸ್ತಕಕ್ಕೆ ಲ್ಹಾಸಾದ ಮುಸುಕು ತೆಗೆದದ್ದು ಎಂಬ ಅರ್ಥದ ಹೆಸರಿಟ್ಟ. ವಾಡೆಲ್ ಎಂಬ ವೈದ್ಯಾಧಿಕಾರಿ ಲ್ಹಾಸಾ ಮತ್ತು ಅದರ ರಹಸ್ಯಗಳು ಎಂದು ತನ್ನ ಪುಸ್ತಕವನ್ನು ಕರೆದ. ಕ್ಯಾಂಡ್ಲರ್ ಅಲ್ಪನಲ್ಲ, ಗುರುವಿನ ಬಳಿ ನಡೆದ ಅದೇ ಕಾಳಗದಲ್ಲಿ ಗಾಯಗೊಂಡು ಕೈಯೊಂದನ್ನೇ ಕಳೆದುಕೊಂಡವನು. ಆದರೂ ಆ ಹೆಸರನ್ನು ಗಮನಿಸಿ. ಮುಸುಕು! ಟಿಬೆಟ್ಟಿನ ಹೆಂಗಸರು ಮುಸುಕು ಹಾಕುವವರೇ ಅಲ್ಲ. ಮುಸುಕು ಇದ್ದದ್ದು ನೋಡುವವನ ಮನಸ್ಸಿನಲ್ಲಿ. ಒಂದು ಊರಿಗೆ ತುಪಾಕಿ ಹಿಡಿದು ನುಗ್ಗುವುದನ್ನು ಮುಸುಕು ಸರಿಸುವುದೆಂದು ಕರೆದ ಕೂಡಲೆ, ನುಗ್ಗಿದವನು ಅಪರಾಧಿಯಾಗದೆ ರಸಿಕನಾಗಿಬಿಡುತ್ತಾನೆ. ಒಂದು ರೂಪಕದಿಂದ ಎಷ್ಟು ರಕ್ತವನ್ನು ಒರೆಸಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಒಳಗೆ ಹೋದಮೇಲೆ ರಹಸ್ಯ ಸಿಕ್ಕಲಿಲ್ಲ. ಕಂಡದ್ದು ಬೀದಿಯ ಕೆಸರು, ತಿಪ್ಪೆ, ನಾಯಿಗಳು. ಕೂಡಲೆ ನಿಗೂಢ ಎಂಬ ಮಾತಿನ ಜಾಗಕ್ಕೆ ಕೊಳಕು ಎಂಬ ಮಾತು ಬಂತು. ಹೊರಗಿದ್ದಾಗ ರಹಸ್ಯ, ಒಳಗೆ ಬಂದಾಗ ಹೊಲಸು. ಇವೆರಡರ ನಡುವೆ, ಸುಮ್ಮನೆ ಜನ ಬದುಕಿಕೊಂಡಿರುವ ಒಂದು ಊರು ಎಂಬ ಮೂರನೆಯ ಸಾಧ್ಯತೆ ಆ ಭಾಷೆಗೆ ಹೊಳೆಯಲೇ ಇಲ್ಲ.

ಈ ಎರಡು ಮಾತುಗಳೂ ಒಂದಾದ ಸ್ವಾರಸ್ಯವೊಂದುಂಟು. 1921ರಲ್ಲಿ ಹೋವರ್ಡ್-ಬರಿ ಎಂಬಾತನ ಮುಂದಾಳುತನದಲ್ಲಿ ಎವರೆಸ್ಟಿನ ದಾರಿ ಹುಡುಕಲು ಒಂದು ತಂಡ ಹೋಯಿತು. ಹಿಮದ ಮೇಲೆ ದೊಡ್ಡ ಹೆಜ್ಜೆ ಗುರುತುಗಳು ಕಂಡವು. ತೋಳನದಿರಬಹುದೆಂದು ಆತ ಭಾವಿಸಿದ. ಕೂಲಿಯಾಳುಗಳು ಅದಕ್ಕೆ ತಮ್ಮ ಮಾತಿನಲ್ಲಿ ಹಿಮದ ಮನುಷ್ಯನೆಂಬರ್ಥದ ಒಂದು ಹೆಸರು ಹೇಳಿದರು. ಕಲ್ಕತ್ತೆಯ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದ ಹೆನ್ರಿ ನ್ಯೂಮನ್ ಎಂಬಾತ ಆ ಹೆಸರಿನ ಮೊದಲ ಭಾಗಕ್ಕೆ ಹೊಲಸು ಎಂಬರ್ಥವಿದೆಯೆಂದು ತಪ್ಪಾಗಿ ತಿಳಿದು, ಇಂಗ್ಲಿಷಿನಲ್ಲಿ ಅಸಹ್ಯ ಹಿಮಮಾನವ ಎಂದು ಮಾಡಿ ಕಳಿಸಿದ. ಲೋಕಕ್ಕೆಲ್ಲ ಅದು ಹಿಡಿಸಿತು. ಒಬ್ಬ ಪತ್ರಕರ್ತನ ತಪ್ಪು ಭಾಷಾಂತರದ ಹಿಂದೆ ಬಿದ್ದು ಮುಂದೆ ಪರ್ವತಾರೋಹಿಗಳ ತಂಡಗಳೇ ಹೊರಟವು. ವಿಜ್ಞಾನಿಗಳು ಕೂದಲುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಕೂಲಿಯಾಳು ಹೇಳಿದ್ದೇನೆಂದು ಮತ್ತೊಮ್ಮೆ ಕೇಳುವ ತಾಳ್ಮೆ ಮಾತ್ರ ಆ ಹೊತ್ತಿಗೆ ಯಾರಿಗೂ ಇರಲಿಲ್ಲ.

ಆ ಬೆಟ್ಟದ ಹೆಸರಿನದೂ ಇದೇ ಕಥೆ. ಜಗತ್ತಿನ ಅತ್ಯುನ್ನತ ಶಿಖರಕ್ಕೆ ಸ್ಥಳೀಯ ಹೆಸರು ತಿಳಿಯದೆಂದು ಹೇಳಿ 1856ರಲ್ಲಿ ಸರ್ವೆ ಇಲಾಖೆಯ ಮುಖ್ಯಸ್ಥನಾಗಿದ್ದ ಆಂಡ್ರ್ಯೂ ವಾ ತನ್ನ ಹಿಂದಿನ ಅಧಿಕಾರಿ ಜಾರ್ಜ್ ಎವರೆಸ್ಟನ ಹೆಸರನ್ನು ಸೂಚಿಸಿದ. ಈ ನಾಡಿನ ಜನಕ್ಕೆ ಆ ಹೆಸರನ್ನು ಉಚ್ಚರಿಸಲು ಬಾರದೆಂದು ಸ್ವತಃ ಎವರೆಸ್ಟನೇ ಆಕ್ಷೇಪಿಸಿದ್ದುಂಟು. ಚೋಮೋಲುಂಗ್ಮಾ ಎಂಬ ಟಿಬೆಟನ್ ಹೆಸರಾದರೋ ಅದಕ್ಕೂ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಫ್ರೆಂಚರ ನಕ್ಷೆಯಲ್ಲಿ ಅಚ್ಚಾಗಿತ್ತು. ಬೆಟ್ಟಕ್ಕೆ ಹೆಸರಿತ್ತು, ಕೇಳಿದವರಿರಲಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಈ ಭಾಷೆಗೆ ನಾಡೇ ಬೇಕಾಗಿಲ್ಲ ಎಂಬುದು ನನ್ನ ವಾದ. 1933ರಲ್ಲಿ ಜೇಮ್ಸ್ ಹಿಲ್ಟನ್ ಎಂಬ ಆಂಗ್ಲ ಕಾದಂಬರಿಕಾರ ಶಾಂಗ್ರಿ-ಲಾ ಎಂಬ ಮುಪ್ಪಿಲ್ಲದ ಕಣಿವೆಯನ್ನು ಕಲ್ಪಿಸಿದ. ಆತ ಟಿಬೆಟ್ಟಿಗೆ ಹೋದವನಲ್ಲ. ಅದು ಕಾದಂಬರಿ, ಕಲ್ಪಿಸುವುದು ಅವನ ಹಕ್ಕು. ಆದರೆ 2001ರಲ್ಲಿ ಚೀನೀ ಸರಕಾರ ಯುನ್ನಾನ್ ಪ್ರಾಂತದ ಒಂದು ಜಿಲ್ಲೆಗೆ ಶಾಂಗ್ರಿ-ಲಾ ಎಂದೇ ಅಧಿಕೃತವಾಗಿ ಹೆಸರಿಟ್ಟಿತು, ಪ್ರವಾಸಿಗರು ಬರಲೆಂದು! ಅಲ್ಲಿಯ ಟಿಬೆಟ್ಟಿಗರು ತಮ್ಮ ನಾಡನ್ನು ಗ್ಯಾಲ್‌ಥಾಂಗ್ ಎನ್ನುತ್ತಾರೆ. ಮತ್ತೆ 1956ರಲ್ಲಿ ಮೂರನೆಯ ಕಣ್ಣು ಎಂಬ ಅರ್ಥದ ಹೆಸರಿನ ಪುಸ್ತಕವೊಂದು ಹೊರಬಂತು. ತಾನು ಲೋಬ್‌ಸಾಂಗ್ ರಾಂಪಾ ಎಂಬ ಲಾಮಾ, ಹಣೆಯಲ್ಲಿ ರಂಧ್ರ ಕೊರೆದು ತನಗೆ ದಿವ್ಯದೃಷ್ಟಿ ಕೊಟ್ಟರು ಎಂದೆಲ್ಲ ಅದರ ಲೇಖಕ ಹೇಳಿಕೊಂಡಿದ್ದ. ಜನ ಮುಗಿಬಿದ್ದು ಕೊಂಡರು. 1958ರಲ್ಲಿ ನಿಜ ಬಯಲಾಯಿತು: ಲೇಖಕ ಇಂಗ್ಲೆಂಡಿನ ಡೆವನ್ ಪ್ರಾಂತದ ಸಿರಿಲ್ ಹಾಸ್ಕಿನ್, ಕೊಳಾಯಿ ಕೆಲಸದವನ ಮಗ, ಟಿಬೆಟ್ಟನ್ನು ಕಣ್ಣಿಂದ ಕಂಡವನಲ್ಲ. ಕೊಳಾಯಿ ಕೆಲಸಕ್ಕೆ ನಾನು ಅಗೌರವ ತೋರುತ್ತಿಲ್ಲ. ಅದರಲ್ಲಿ ಸೋರಿದರೆ ಒಡನೆ ಗೊತ್ತಾಗುತ್ತದೆ. ಸಾಹಿತ್ಯದಲ್ಲಿ ಹಾಗಲ್ಲ. ಓದುಗರು ಏಕೆ ಮೋಸಹೋದರು? ಹೋಗಿಬಂದವರೂ ಅದೇ ಧಾಟಿಯಲ್ಲಿ ಬರೆಯುತ್ತಿದ್ದರು, ಅದಕ್ಕೆ. ಹೋದವನ ಬರೆಹಕ್ಕೂ ಹೋಗದವನ ಬರೆಹಕ್ಕೂ ವ್ಯತ್ಯಾಸ ತಿಳಿಯದಿದ್ದರೆ, ಹೋದವನು ಪಟ್ಟ ಕಷ್ಟಕ್ಕೇನು ಬೆಲೆ?

ಇವೆಲ್ಲ ಶಬ್ದಗಳ ಜಗಳ, ಇದರಿಂದ ಯಾರ ಗಂಟೇನು ಹೋಯಿತು ಎಂದು ಕೇಳುವವರಿದ್ದಾರೆ. ಗಂಟು ಹೋಗಿದೆ. ಕಾಲ ನಿಂತ ನಾಡೆಂದು ನಾವು ಕರೆದ ಟಿಬೆಟ್ಟು 1912ರಿಂದ ತನ್ನದೇ ಅಂಚೆ ಚೀಟಿಗಳನ್ನು ಅಚ್ಚು ಹಾಕುತ್ತಿತ್ತು. ತನ್ನದೇ ನಾಣ್ಯ, ನೋಟುಗಳಿದ್ದವು. 1913ರಲ್ಲಿ ನಾಲ್ವರು ಹುಡುಗರನ್ನು ಓದಲು ಇಂಗ್ಲೆಂಡಿಗೆ ಕಳಿಸಿತು. ಅವರಲ್ಲೊಬ್ಬ ಹಿಂದಿರುಗಿ ಲ್ಹಾಸಾಕ್ಕೆ ವಿದ್ಯುತ್ತು ತಂದ. 1922ರಲ್ಲಿ ಅಲ್ಲಿಗೆ ತಂತಿ ಬಂತು. ಲಡಾಖಿನ ಲೇಹ್ ಪಟ್ಟಣದಲ್ಲಿ 1904ರಷ್ಟು ಹಿಂದೆಯೇ, ಫ್ರಾಂಕೆ ಎಂಬ ಜರ್ಮನ್ ಪಾದ್ರಿಯ ಪ್ರಯತ್ನದಿಂದ, ಅಲ್ಲಿಯ ಲಿಪಿಯಲ್ಲಿಯೇ ಒಂದು ಪತ್ರಿಕೆ ಹೊರಡುತ್ತಿತ್ತು. ಇವು ನಮ್ಮ ಪ್ರವಾಸ ಕಥನಗಳಲ್ಲಿ ಏಕಿಲ್ಲ? ಅಂಚೆ ಚೀಟಿಯಿರುವ ನಾಡು ನಿಗೂಢವಾಗಿ ತೋರುವುದಿಲ್ಲ, ಅದಕ್ಕೆ.

1950ರಲ್ಲಿ ಚೀನೀ ಸೇನೆ ಒಳಗೆ ಬಂದಾಗ ಟಿಬೆಟ್ಟಿನ ಸರಕಾರ ನವೆಂಬರಿನಲ್ಲಿ ವಿಶ್ವಸಂಸ್ಥೆಗೆ ಮೊರೆಯಿಟ್ಟಿತು. ಎಲ್ ಸಾಲ್ವಡೋರ್ ಎಂಬ ಪುಟ್ಟ ದೇಶವೊಂದು ಅದರ ಪರವಾಗಿ ಎದ್ದು ನಿಂತಿತು. ಬ್ರಿಟನ್ನಿನ ಮತ್ತು ನಮ್ಮ ಭಾರತದ ಪ್ರತಿನಿಧಿಗಳ ಸಲಹೆಯಂತೆ ವಿಷಯವನ್ನು ಮುಂದಕ್ಕೆ ಹಾಕಲಾಯಿತು. ಇದಕ್ಕೆ ರಾಜಕೀಯ ಕಾರಣಗಳಿದ್ದವು. ವಿಶೇಷಣಗಳೇ ಕಾರಣವೆಂದು ಹೇಳುವಷ್ಟು ಹುಚ್ಚನಲ್ಲ ನಾನು. ಆದರೆ ಐವತ್ತು ವರ್ಷಗಳ ಕಾಲ ಒಂದು ದೇಶವನ್ನು ಕನಸು, ಕನಸು ಎಂದು ಬರೆದಮೇಲೆ, ಅದು ಕಳೆದುಹೋದ ದಿನ ಓದುಗನಿಗೆ ಆಗುವುದು ಕನಸು ಕರಗಿದಷ್ಟೇ ದುಃಖ. ಕನಸಿಗೆ ಗಡಿಯಿಲ್ಲ, ಪ್ರಜೆಗಳಿಲ್ಲ, ದೂರು ಕೊಡುವವರಿಲ್ಲ.

ಹಾಗಾದರೆ ಬೇರೆ ರೀತಿ ಬರೆದವರೇ ಇಲ್ಲವೆ? ಇದ್ದಾರೆ. ಇಪ್ಪೊಲಿಟೊ ದೇಸಿದೇರಿ ಎಂಬ ಇಟಲಿಯ ಪಾದ್ರಿ 1716ರಲ್ಲಿ ಲ್ಹಾಸಾ ಸೇರಿದ. ಮತ ಪ್ರಚಾರಕ್ಕೆಂದೇ ಹೋದವನು. ಆದರೆ ಮಠದಲ್ಲಿ ಕುಳಿತು ಅವರ ಗ್ರಂಥಗಳನ್ನು ಓದಿ, ಅವರ ಭಾಷೆಯಲ್ಲಿಯೇ ಪುಸ್ತಕ ಬರೆದು ಅವರೊಡನೆ ವಾದ ಮಾಡಿದ. ವಾದ ಮಾಡುವುದೂ ಒಂದು ಮರ್ಯಾದೆ. ಮುಗ್ಧರೊಡನೆ ಯಾರೂ ವಾದ ಮಾಡುವುದಿಲ್ಲ. ಹಂಗೇರಿಯ ಚೋಮಾ ಎಂಬ ವಿದ್ವಾಂಸ 1823ರಿಂದ ಲಡಾಖಿನ ಜಾಂಸ್ಕರ್ ಕಣಿವೆಯ ಚಳಿಯಲ್ಲಿ ಒಬ್ಬ ಲಾಮಾನ ಎದುರು ಶಿಷ್ಯನಾಗಿ ಕುಳಿತ. 1834ರಲ್ಲಿ ಕಲ್ಕತ್ತೆಯಲ್ಲಿ ಅವನ ಟಿಬೆಟನ್ ನಿಘಂಟು ಅಚ್ಚಾಯಿತು. ಅಷ್ಟು ನಡೆದವನು, ಅಷ್ಟು ಕಂಡವನು ತಂದುಕೊಟ್ಟದ್ದು ನಿಘಂಟು ಮತ್ತು ವ್ಯಾಕರಣ! ನಮ್ಮವರೇ ಆದ, ಕುಮಾವೂಂ ಬೆಟ್ಟದ ನೈನ್ ಸಿಂಗ್ ರಾವತ್ 1866ರ ಜನವರಿಯಲ್ಲಿ ಲ್ಹಾಸಾ ತಲಪಿದರು. ಜಪಮಾಲೆಯಲ್ಲಿ 108ರ ಬದಲು 100 ಮಣಿ, ಹೆಜ್ಜೆಯನ್ನು ಎಣಿಸುವುದಕ್ಕೆ. ಮಣಿಚಕ್ರದೊಳಗೆ ಮಂತ್ರದ ಬದಲು ಲೆಕ್ಕದ ಚೀಟಿಗಳು. ಅವರು ಇಂಗ್ಲಿಷರ ಗೂಢಚಾರರು, ನಿಜ. ಆದರೆ ಅವರು ತಂದದ್ದು ದಾರಿಯ ಅಳತೆ, ಊರಿನ ಎತ್ತರ, ನದಿಯ ದಿಕ್ಕು. ರಾಹುಲ ಸಾಂಕೃತ್ಯಾಯನರು 1929ರಲ್ಲಿ ವೇಷ ಮರೆಸಿಕೊಂಡು ಹೋದರು. ಭಾರತದಲ್ಲಿ ನಷ್ಟವಾಗಿದ್ದ ಸಂಸ್ಕೃತ ಗ್ರಂಥಗಳ ಜಾಡನ್ನು ಅಲ್ಲಿಯ ಮಠಗಳಲ್ಲಿ ಹುಡುಕಿದರು. ಹೊರೆಗಟ್ಟಲೆ ಪುಸ್ತಕ, ಪಟಗಳನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಬಂದರು. ಇವರು ಯಾರಿಗೂ ಆ ನಾಡು ಮೌನವಾಗಿ ಕಾಣಲಿಲ್ಲ, ಏಕೆಂದರೆ ಇವರಿಗೆ ಅದರ ಮಾತು ಬರುತ್ತಿತ್ತು.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಇಂಗ್ಲಿಷಿನವನು ಟಿಬೆಟ್ಟನ್ನು ವಿಚಿತ್ರವೆಂದರೆ ಕ್ಷಮಿಸಬಹುದು. ಕನ್ನಡಿಗ ಅದನ್ನು ವಿಚಿತ್ರವೆನ್ನಲು ಯಾವ ಕಾರಣವಿದೆ? ಅಲ್ಲಿಯ ಮಗು ಶಾಲೆಯಲ್ಲಿ ಮೊದಲು ಕಲಿಯುವುದು ಕ ಖ ಗ ಙ, ಆಮೇಲೆ ಚ ಛ ಜ ಞ. ಲಿಪಿ ಇಲ್ಲಿಂದ ಹೋದದ್ದು. ಧರ್ಮ ಇಲ್ಲಿಂದ ಹೋದದ್ದು. ನಾಲಂದೆಯ ಶಾಂತರಕ್ಷಿತ 8ನೆಯ ಶತಮಾನದಲ್ಲಿ, ವಿಕ್ರಮಶಿಲೆಯ ಅತೀಶ 11ನೆಯ ಶತಮಾನದಲ್ಲಿ ಆ ಬೆಟ್ಟಗಳನ್ನು ಹತ್ತಿದರು. ಅದಕ್ಕಿಂತ ಹತ್ತಿರದ ನಂಟೊಂದುಂಟು. ದಂಡಿಯ ಕಾವ್ಯಾದರ್ಶವನ್ನು ಮುಂದಿಟ್ಟುಕೊಂಡು 9ನೆಯ ಶತಮಾನದಲ್ಲಿ ಕನ್ನಡದ ಕವಿರಾಜಮಾರ್ಗ ಹುಟ್ಟಿತೆಂಬುದನ್ನು ಪ್ರೌಢಶಾಲೆಯ ಹುಡುಗನೂ ಹೇಳಬಲ್ಲ. ಅದೇ ಕಾವ್ಯಾದರ್ಶ 13ನೆಯ ಶತಮಾನದಲ್ಲಿ ಟಿಬೆಟನ್ ಭಾಷೆಗೆ ಹೋಗಿ, ಅಲ್ಲಿಯ ಕವಿಗಳಿಗೂ ಶತಮಾನಗಳ ಕಾಲ ಪಠ್ಯವಾಯಿತು. ನಮ್ಮ ಕವಿಗಳೂ ಅವರ ಕವಿಗಳೂ ಒಬ್ಬನೇ ಮೇಷ್ಟರ ಬಳಿ ಅಲಂಕಾರ ಕಲಿತವರು! ಸಹಪಾಠಿಯ ಮನೆಗೆ ಹೋಗಿ ಅಯ್ಯೋ, ಇದೆಂಥ ನಿಗೂಢ ಲೋಕ ಎಂದು ಬರೆಯುವುದು ಎಂಥ ಚೋದ್ಯ! ಆ ಬೆಟ್ಟವನ್ನು ನಾವು ನೋಡುತ್ತಿರುವುದು ಲಂಡನ್ನಿನಲ್ಲಿ ತಯಾರಾದ ಎರವಲು ಕನ್ನಡಕದಿಂದ. ಕನ್ನಡಕವೆಂಬ ಹೆಸರಿನಲ್ಲಿ ಕನ್ನಡವಿದ್ದರೆ ಸಾಲದು.

ಭಾಷೆಯ ಸಣ್ಣ ವಿಷಯಗಳನ್ನೇ ನೋಡಿ. ಟಿಬೆಟನ್ ಮಾತಿನಲ್ಲಿ ಲಾ ಎಂದರೆ ಘಾಟಿ. ನಮ್ಮ ಆಗುಂಬೆ, ಚಾರ್ಮಾಡಿ ಇದ್ದಂತೆ. ತ್ಸೋ ಎಂದರೆ ಸರೋವರ. ನಮ್ಮ ಪ್ರವಾಸಿಗರು ಖರ್ದುಂಗ್ ಲಾ ಪಾಸ್ ಹತ್ತುತ್ತಾರೆ, ಪಾಂಗಾಂಗ್ ತ್ಸೋ ಸರೋವರ ನೋಡುತ್ತಾರೆ. ಎಂದರೆ ಘಾಟಿ ಘಾಟಿಯನ್ನು ಹತ್ತಿ ಕೆರೆ ಕೆರೆಯನ್ನು ನೋಡಿ ಬರುತ್ತಾರೆ! ಲಡಾಖ್ ಎಂದರೆ ಘಾಟಿಗಳ ನಾಡು. ಹಾಗೆಂದು ಒಂದು ಸಾಲು ಬರೆದರೆ ಮಲೆನಾಡಿನ ಓದುಗನಿಗೆ ಆ ನಾಡು ಅರ್ಧ ಅರ್ಥವಾದೀತು. ಬೆಟ್ಟದ ನೆತ್ತಿಯಲ್ಲಿ ಕಟ್ಟುವ ಬಣ್ಣಬಣ್ಣದ ಬಟ್ಟೆಗಳಿಗೆ ಅವರು ಲುಂಗ್ ತಾ ಎನ್ನುತ್ತಾರೆ. ಲುಂಗ್ ಎಂದರೆ ಗಾಳಿ, ತಾ ಎಂದರೆ ಕುದುರೆ. ಗಾಳಿಕುದುರೆ! ಎಷ್ಟು ಒಳ್ಳೆಯ ಕನ್ನಡ ಮಾತು ಕೈಗೆ ಸಿಕ್ಕುವಂತಿದೆ. ನಮ್ಮವರು ಅದನ್ನು ಬಿಟ್ಟು ಇಂಗ್ಲಿಷಿನಿಂದ ಪ್ರಾರ್ಥನಾ ಧ್ವಜ ಎಂದು ಭಾಷಾಂತರಿಸುತ್ತಾರೆ. ಶೆರ್ಪಾ ಎಂದರೆ ಪೂರ್ವದ ಕಡೆಯಿಂದ ಬಂದ ಜನವೆಂದು ಅರ್ಥ, ಅದೊಂದು ಜನಾಂಗದ ಹೆಸರು. ನಮ್ಮ ಪುಸ್ತಕಗಳಲ್ಲಿ ಅದು ಮೂಟೆ ಹೊರುವವನೆಂಬ ಅರ್ಥಕ್ಕೆ ಇಳಿದಿದೆ.

ಇಷ್ಟಕ್ಕೆ ಲೇಖಕ ಮಿತ್ರರ ಉತ್ತರವೇನೆಂದು ನಾನು ಬಲ್ಲೆ. ಹದಿನೈದು ದಿನದ ರಜೆಯಲ್ಲಿ ಹೋಗಿಬರುವವನು ಟಿಬೆಟನ್ ವ್ಯಾಕರಣ ಕಲಿಯಬೇಕೇನು? ಹಿಮದ ಶಿಖರವನ್ನು ಕಂಡು ಮೈಮರೆಯಲೂ ನಿಮ್ಮ ಅಪ್ಪಣೆ ಬೇಕೆ? ಬೇಡ ಸ್ವಾಮಿ. ಮೈಮರೆಯಿರಿ, ಅದು ನಿಮ್ಮ ಭಾಗ್ಯ. ಬೆರಗು ತಪ್ಪಲ್ಲ. ಆದರೆ ಬೆರಗು ನಿಮ್ಮದೆಂದು ಬರೆಯಿರಿ, ನಾಡಿನ ಗುಣವೆಂದು ಬರೆಯಬೇಡಿ. ನನಗೆ ತಿಳಿಯಲಿಲ್ಲ ಎಂಬುದು ಎರಡೇ ಮಾತು. ನಿಗೂಢ ಎಂಬುದಕ್ಕಿಂತ ಅದು ಪ್ರಾಮಾಣಿಕ. ಚಹಾ ಕೊಟ್ಟ ಮನೆಯೊಡತಿಯ ಹೆಸರು ಕೇಳಿ. ಬೆಣ್ಣೆಯ ಚಹಾ ರುಚಿಸದಿದ್ದರೆ ರುಚಿಸಲಿಲ್ಲವೆನ್ನಿ, ಆದರೆ ಆ ಚಳಿಯಲ್ಲಿ ಬೆಣ್ಣೆ ಉಪ್ಪು ಏಕೆಂದು ಒಂದು ಮಾತು ವಿಚಾರಿಸಿ. ನಕ್ಕವರನ್ನೆಲ್ಲ ಮುಗ್ಧರೆನ್ನುವ ಮೊದಲು, ನಿಮ್ಮನ್ನು ನೋಡಿಯೇ ನಕ್ಕಿರಬಹುದೆಂಬ ಸಂಶಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಅಷ್ಟೂ ಕಷ್ಟವೆನಿಸಿದರೆ ಹಿಮಾಲಯದವರೆಗೆ ಹೋಗುವುದೇ ಬೇಡ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋಗಿ. 1960ರ ದಶಕದ ಮೊದಲಿನಿಂದ ಟಿಬೆಟ್ಟಿಗರು ಅಲ್ಲಿದ್ದಾರೆ. 1966ರಿಂದ ಮುಂಡಗೋಡಿನಲ್ಲಿಯೂ ಇದ್ದಾರೆ. ಲ್ಹಾಸಾದ ಬಳಿಯ ಸೇರಾ, ಡ್ರೆಪುಂಗ್, ಗಾಂಡೆನ್ ಎಂಬ ಮೂರು ಮಹಾಮಠಗಳು ಈಗ ನಮ್ಮ ಕರ್ನಾಟಕದಲ್ಲಿ ಮತ್ತೆ ಕಟ್ಟಲ್ಪಟ್ಟಿವೆ. ಚಳಿಗಾಲದಲ್ಲಿ ನಮ್ಮ ಪಟ್ಟಣಗಳ ಬೀದಿಬದಿಯಲ್ಲಿ ಸ್ವೆಟರ್ ಮಾರುವ ಹೆಂಗಸಿನೊಡನೆ ನೀವೇ ಚೌಕಾಸಿ ಮಾಡಿದ್ದೀರಿ. ನೂರು ರೂಪಾಯಿ ಬಿಡಮ್ಮ ಎಂದರೆ, ಆಗಲ್ಲ ಅಕ್ಕಾ, ಗಿಟ್ಟಲ್ಲ ಎಂದು ಆಕೆ ಕನ್ನಡದಲ್ಲಿಯೇ ಹೇಳಿದ್ದಾಳೆ. ಆಕೆ ನಿಗೂಢಳೆ? ಮೌನಿಯೆ? ಆಕೆಯ ಕಾಲವೇನು ನಿಂತಿದೆಯೆ? ಆಕೆಗೆ ನಮ್ಮ ಭಾಷೆ ಬಂದಿದೆ. ಅರುವತ್ತು ವರ್ಷಗಳ ನೆರೆಹೊರೆಯಲ್ಲಿ ಆಕೆಯ ಭಾಷೆಯ ಹತ್ತು ಮಾತು ನಮಗೆ ಬಂದಿಲ್ಲ.

ಇಷ್ಟಾದರೂ ವಾರದ ಕೊನೆಗೆ ಕಾರು ಹತ್ತಿ ಭಾರತದ ಸ್ಕಾಟ್ಲೆಂಡ್ ಎಂಬ ಕೊಡಗಿಗೆ ಹೊರಟವರು ದಾರಿಯಲ್ಲಿ ಮಿನಿ ಟಿಬೆಟ್ ಎಂಬ ಬೈಲಕುಪ್ಪೆಯಲ್ಲಿಳಿದು, ಚಿನ್ನದ ಬುದ್ಧನ ಮುಂದೆ ಚಿತ್ರ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಒಂದು ಎರವಲು ಹೆಸರಿನಿಂದ ಇನ್ನೊಂದು ಎರವಲು ಹೆಸರಿಗೆ ಪ್ರಯಾಣ. ಎರಡರ ನಡುವೆ ರಸ್ತೆಯ ಅಂಚಿನ ಹೊಲಗಳಲ್ಲಿ ಟಿಬೆಟ್ಟಿಗರು ಬೆಳೆದ ಮುಸುಕಿನ ಜೋಳ ನಿಂತಿರುತ್ತದೆ. ಆ ನಾಡಿನವರಲ್ಲಿ ತೆಗೆಯಬೇಕಾದ ಮುಸುಕು ಏನಾದರೂ ಇದ್ದರೆ ಅದು ಆ ಜೋಳದ್ದು. ಅದನ್ನು ತೆಗೆಯುವ ಕೈಗಳಿಗೆ ಹೆಸರಿದೆ. ಮುಂದಿನ ಪ್ರವಾಸ ಕಥನ ಅಲ್ಲಿಂದ ಆರಂಭವಾಗಲಿ.